ಗಜದ ಸದ್ದು

ಗುಬ್ಬಿ, ಮಾರ್ಚ್ 2024

ಅಪ್ಪ ಕೋವಿಯನ್ನು ಕಂಬಕ್ಕೆ ಒರಗಿಸುವುದಿಲ್ಲ. ಹಿಮ್ಮಡಿಯನ್ನು ನೆಲಕ್ಕೂರಿ, ನಳಿಗೆಯ ಬಾಯನ್ನು ಮುಗಿಲಿಗೆ ಮಾಡಿ, ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಾರೆ. ಬಲಗೈಯ ಎರಡು ಬೆರಳಲ್ಲಿ ಮದ್ದು ಗಿಡಿಯುವ ಉಕ್ಕಿನ ಗಜ. ಅದನ್ನು ನಳಿಗೆಯ ಬಾಯಿಗಿಟ್ಟು ಕೈಬಿಡುತ್ತಾರೆ. ಸರ್ರನೆ ಇಳಿದು ಬುಡ ಮುಟ್ಟಿದಾಗ ‘ಠಣ್’ ಎನ್ನುತ್ತದೆ.

“ಕೇಳಿಸ್ತೇನಮ್ಮ? ಕಬ್ಬಿಣಕ್ಕೆ ಕಬ್ಬಿಣ ತಾಗಿದ ಸದ್ದು ಇದು. ಒಳಗೆ ಮದ್ದು, ಚಿಂದಿ ಏನಾದ್ರೂ ಉಳಿದಿದ್ರೆ ‘ದಬ್’ ಅಂತೈತೆ. ಗಜಾನೂ ನಾಕು ಬೆರಳು ಮೇಲೇ ನಿಂತ್ಕೊಂತೈತೆ.”

ಗಜದ ಮೇಲ್ತುದಿಯಲ್ಲಿ ಅರದಿಂದ ಕೊರೆದ ಗೀಟೊಂದಿದೆ. ಅದು ನಳಿಗೆಯ ಬಾಯಿಗೆ ಸರಿಸಮವಾಗಿ ನಿಂತಿದೆ. ಕೋವಿ ಖಾಲಿ. ಎರಡು ಸಾಕ್ಷಿ ಸಿಕ್ಕ ಮೇಲೂ ಅಪ್ಪ ಕೇಪಿಗೆ ಬಡಿಯುವ ಕುದುರೆಯನ್ನು ಅರ್ಧ ಎತ್ತಿ, ಕಿಡಿ ಹೊತ್ತಿಸುವ ಆ ಕೇಪು ಕೂರುವ ಮೊಲೆಯ ಮೇಲೆ ಹೆಬ್ಬೆರಳಾಡಿಸುತ್ತಾರೆ. ಅಲ್ಲಿ ಕೇಪೂ ಇಲ್ಲ. ಬಾಯಿಂದ ಮದ್ದು ತುಂಬುವ ಕೋವಿಗಳಲ್ಲಿ ಅತಿ ಅಪಾಯದ್ದು ದಶಕಗಳಿಂದ ಯಾರೂ ಮುಟ್ಟದ ಕೋವಿ. ಹಂದಿಗೆಂದು ಎಂದೋ ಮದ್ದು ಗಿಡಿದಿಟ್ಟ ಅಜ್ಜ ತೀರಿಹೋಗಿರುತ್ತಾನೆ, ಮದ್ದು ಮಾತ್ರ ಒಣಗಿಕೊಂಡು ನಳಿಗೆಯಲ್ಲಿ ಕಾದಿರುತ್ತದೆ. ಕಪ್ಪುಮದ್ದಿಗೆ ವಯಸ್ಸಾಗುವುದಿಲ್ಲ. ನೀರು ತಾಗದಿದ್ದರೆ ಅದು ಮೊಮ್ಮಗನ ಕಾಲದಲ್ಲೂ ಹೊತ್ತಿಕೊಳ್ಳುತ್ತದೆ.

ಕೋವಿ ಈಗ ಹಜಾರದ ಚಾಪೆಯ ಮೇಲೆ. ನೀವು ಬಾಗಿ ನೋಡುತ್ತೀರಿ. ನಿಮ್ಮ ಎದೆಮಟ್ಟಕ್ಕೂ ಮೀರಿದ ಉದ್ದ, ನಳಿಗೆಯನ್ನು ಮರಕ್ಕೆ ಬಿಗಿದ ಮೂರು ಕಬ್ಬಿಣದ ಪಟ್ಟಿ, ಬಳಸಿ ಬಳಸಿ ಬಂಗಾರದ ಬಣ್ಣಕ್ಕೆ ತಿರುಗಿದ, ಟ್ರಿಗರಿನ ಹಿತ್ತಾಳೆಯ ಕಾವಲು. ಕುದುರೆಯ ಪಕ್ಕದ ಉಕ್ಕಿನ ತಗಡಿನ ಮೇಲೆ ಸವೆದ ಕಿರೀಟ, ಮುಂದೆ ‘ಟವರ್’ ಎಂಬ ಅಕ್ಷರ, ಜತೆಗೆ ಒಂದು ಇಸವಿ: 1859. ಲೈಸೆನ್ಸ್ ಪುಸ್ತಕದಲ್ಲಿ ಈ ಚರಿತ್ರೆಯೆಲ್ಲ ಎಸ್‌ಬಿಎಂಎಲ್ ಎಂಬ ನಾಲ್ಕಕ್ಷರಕ್ಕೆ ಇಳಿದಿದೆ: ಒಂಟಿ ನಳಿಗೆಯ, ಬಾಯಿಂದ ತುಂಬುವ ಕೋವಿ. ಉದ್ದೇಶದ ಕಾಲಂನಲ್ಲಿ ‘ಬೆಳೆ ರಕ್ಷಣೆ’.

ಸೈನ್ಯಕ್ಕೆಂದು ಹುಟ್ಟಿದ್ದು ಅಡಿಕೆ ತೋಟದ ಕಾವಲಿಗೆ ಬಂದಿದೆ. 1853ರ ಮಾದರಿಯ ಎನ್‌ಫೀಲ್ಡ್ ಬಂದೂಕಿನ ವಂಶ ಇದು. ಆ ಮೂಲ ಬಂದೂಕಿನ ನಳಿಗೆಯೊಳಗೆ ಮೂರು ಸುರುಳಿಗೆರೆಗಳಿದ್ದವು. ಗುಂಡು ತಿರುಗುತ್ತ ಹೋಗಿ ದೂರದ ಗುರಿ ಮುಟ್ಟುತ್ತಿತ್ತು. ಅದರ ತೋಟಾಗಳಿಗೆ ಸವರಿದ ಕೊಬ್ಬಿನ ಸುದ್ದಿಯೇ 1857ರ ಕಿಡಿಗಳಲ್ಲಿ ಒಂದು. ದಂಗೆ ಅಡಗಿದ ಮೇಲೆ ದೊರೆಗಳು ಒಂದು ಉಪಾಯ ಮಾಡಿದರು. ದೇಶೀ ಸಿಪಾಯಿಗಳಿಗೆ ಕೊಡುವ ಬಂದೂಕಿನ ಹೊರರೂಪವನ್ನು ಹಾಗೆಯೇ ಬಿಟ್ಟು, ಸುರುಳಿಗೆರೆ ಇಲ್ಲದಂತೆ ನಳಿಗೆಯನ್ನು ಅಗಲವಾಗಿ ಕೊರೆಸಿದರು. ಗೋರಾ ಸೋಲ್ಜರನ ಗುಂಡು ಒಂಬೈನೂರು ಗಜ ಹೋದರೆ ಸಿಪಾಯಿಯದು ನೂರು ಗಜದಾಚೆಗೆ ದಿಕ್ಕು ತಪ್ಪಬೇಕು, ಅದು ಲೆಕ್ಕ.

ಮೊಬೈಲಿನ ದೀಪ ಹಾಕಿ ನಳಿಗೆಯೊಳಗೆ ಇಣುಕಬೇಕು ಅನ್ನಿಸುತ್ತದೆ. ಅಪ್ಪ ತಡೆಯುತ್ತಾರೆ. “ಖಾಲಿ ಅಂತ ಗೊತ್ತಿದ್ರೂ ಬಾಯಿಗೆ ಮುಖ ಕೊಡಬಾರ್ದು.” ಬೆಳಕನ್ನು ಓರೆಯಾಗಿ ಬಿಟ್ಟು, ಪಕ್ಕದಿಂದ ಒಂದು ಚೂರು ಕನ್ನಡಿಯಲ್ಲಿ ತೋರಿಸುತ್ತಾರೆ. ಒಳಗೆ ಗೆರೆಯಿಲ್ಲ. ನುಣ್ಣಗೆ, ಕಪ್ಪಗೆ, ಅಲ್ಲಲ್ಲಿ ತುಕ್ಕಿನ ಚುಕ್ಕಿ. 1857ರ ಅಪನಂಬಿಕೆ ಹೀಗೆ ನಿಮ್ಮ ಮನೆಯ ಹಜಾರದವರೆಗೂ ಬಂದು ಮಲಗಿದೆ.

ಮಧ್ಯಾಹ್ನದ ಬಸ್ಸಿಗೆ ಹೊರಡಬೇಕು. ಮಾರ್ಚ್ 16ರಂದು ಲೋಕಸಭೆ ಚುನಾವಣೆ ಘೋಷಣೆಯಾಗಿದೆ, ಪರವಾನಗಿ ಕೋವಿಗಳನ್ನು ಠಾಣೆಗೊಪ್ಪಿಸಬೇಕೆಂಬ ಸೂಚನೆ ಬಂದಿದೆ. ಅಪ್ಪ ಕೋವಿಗೆ ಗೋಣಿಚೀಲದ ಹೊದಿಕೆ ಹಾಕಿ ಹೊಲಿದಿದ್ದಾರೆ. ಹೊರುವವರು ಅವರೇ. ಲೈಸೆನ್ಸ್ ಅವರ ಹೆಸರಲ್ಲಿರುವಾಗ ಅವರಿಲ್ಲದೆ ನೀವದನ್ನು ಹೊತ್ತು ನಡೆಯುವಂತಿಲ್ಲ.

ಠಾಣೆಯ ವರಾಂಡದಲ್ಲಿ ಆಗಲೇ ಸಾಲು. ಎಲ್ಲರೂ ಅಪ್ಪನ ಓರಗೆಯವರು, ಎಲ್ಲರ ತೊಡೆಯ ಮೇಲೂ ಉದ್ದನೆಯ ಗಂಟು. ಕೇಪಿನ ಕೋವಿಯ ಪಕ್ಕ ತೋಟಾ ಕೋವಿ, ಅದರಾಚೆ ಜೋಡಿ ನಳಿಗೆ. ರೈಟರ್ ಒಬ್ಬೊಬ್ಬರನ್ನೇ ಕರೆದು ನಂಬರು ತಾಳೆ ನೋಡಿ, ಕೊರಳಿಗೆ ಚೀಟಿ ಕಟ್ಟಿ, ರಸೀದಿ ಹರಿದು ಕೊಡುತ್ತಾರೆ. ಚೀಟಿ ಕಟ್ಟುವ ಮೊದಲು ಪ್ರತಿ ಕೋವಿಯೂ ಖಾಲಿಯೆಂದು ತೋರಿಸಬೇಕು. ಗಜ ಇಳಿಬಿಡುವ ಸದ್ದು ವರಾಂಡದಲ್ಲಿ ಮತ್ತೆ ಮತ್ತೆ ಕೇಳುತ್ತದೆ. ಒಂದೊಂದಕ್ಕೂ ಬೇರೆ ಶ್ರುತಿ.

ಮಾತು ಚಿರತೆಯ ಕಡೆ ಹೊರಳುತ್ತದೆ. 2019–20ರಲ್ಲಿ ಹೆಬ್ಬೂರು, ಗುಬ್ಬಿ, ಕುಣಿಗಲ್ ಸೀಮೆಯಲ್ಲಿ ಚಿರತೆ ಮಕ್ಕಳನ್ನೂ ಹೊತ್ತೊಯ್ದ ದಿನಗಳವು. “ಕೋವಿ ಇತ್ತು ಮನೇಲಿ. ಏನ್ಮಾಡೋದು, ಮುಟ್ಟಂಗಿಲ್ಲ,” ಎನ್ನುತ್ತಾರೆ ಪಕ್ಕದವರು. ನಿಜವೇ. 1972ರ ವನ್ಯಜೀವಿ ಕಾಯ್ದೆಯಲ್ಲಿ ಚಿರತೆ ಮೊದಲ ಷೆಡ್ಯೂಲಿನ ಪ್ರಾಣಿ. ನರಹಂತಕವಾದರೂ ಅದರ ಬಗ್ಗೆ ಆಜ್ಞೆ ಹೊರಡಬೇಕಾದದ್ದು ಮುಖ್ಯ ವನ್ಯಜೀವಿ ಪರಿಪಾಲಕರ ಕಚೇರಿಯಿಂದ. ಬೆಳೆ ರಕ್ಷಣೆಯ ಕೋವಿಯ ಕೆಲಸ ಬಹುಪಾಲು ಸದ್ದು ಮಾಡುವುದು: ಗುಂಡಿಲ್ಲದೆ ಬರೀ ಮದ್ದಿನ ಈಡು ಹೊಡೆದು ಕೋತಿ ಹಿಂಡನ್ನು ತೋಟದಿಂದ ಓಡಿಸುವುದು.

ಅಪ್ಪನ ಸರದಿ ಬರುತ್ತದೆ. ರೈಟರ್ 1859 ಎಂಬ ಅಂಕಿಯನ್ನು ಬೆರಳಿಂದ ಸವರಿ, “ಯಜಮಾನ್ರೇ, ಇದು ಮ್ಯೂಸಿಯಂ ಪೀಸು. ಆ್ಯಂಟಿಕ್‌ಗೆ ಲೈಸೆನ್ಸ್ ಯಾಕೆ?” ಎಂದು ನಗುತ್ತಾರೆ.

ಅಪ್ಪನೂ ನಗುತ್ತಾರೆ, ರಸೀದಿ ಮಾತ್ರ ಕೇಳಿ ಪಡೆಯುತ್ತಾರೆ. ಅಮೆರಿಕದಲ್ಲಾದರೆ 1898 ಮತ್ತು ಅದಕ್ಕೂ ಹಿಂದೆ ತಯಾರಾದ ಬಂದೂಕು ಕಾನೂನಿನ ಕಣ್ಣಿಗೆ ಬಂದೂಕೇ ಅಲ್ಲ, ಪುರಾತನ ವಸ್ತು. ನಮ್ಮಲ್ಲಿ ಅಂಥ ಇಸವಿಯ ಗೆರೆ ಇಲ್ಲ. 1959ರ ಆಯುಧ ಕಾಯ್ದೆಯ 45ನೇ ಕಲಮು ಹಳೆಯ ಮಾದರಿಗೆ, ಪ್ರಾಚೀನ ಮೌಲ್ಯದ್ದಕ್ಕೆ ವಿನಾಯಿತಿ ಕೊಡುವುದು ನಿಜ. ಆದರೆ ಅದು ರಿಪೇರಿ ಮಾಡಿದರೂ ಹಾರದಂತಿರಬೇಕು. ಹಾರಬಲ್ಲ ಕೋವಿಗೆ ನೂರೈವತ್ತು ವರ್ಷ ದಾಟಿದರೂ ಕಾಗದ ಬೇಕು.

ಕುಣಿಗಲ್, ಏಪ್ರಿಲ್

ಅಮ್ಮನ ತವರು ಹುತ್ರಿದುರ್ಗದ ತಪ್ಪಲು. ತುಮಕೂರಿನಿಂದ ಬರುವ ಬಸ್ಸು ಕುಣಿಗಲ್ ಕೆರೆಯ ಅಂಚಿಗೆ ಬಂದು, ಕುದುರೆ ಫಾರಂನ ಕಡೆ ಗಾಳಿ ಬೀಸಿ, ನಿಮ್ಮನ್ನು ಪೇಟೆಯಲ್ಲಿ ಇಳಿಸುತ್ತದೆ. ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕಿದ ಜಾಗ ಆ ಫಾರಂ. ಮುಂದೆ ಕಂಪನಿಯ ಸೈನ್ಯ, ಮೈಸೂರು ಅರಸರು, ಕೊನೆಗೆ ರೇಸಿನವರು ಬಂದರು. ಕುದುರೆಯ ವಂಶಾವಳಿಯನ್ನು ಇಲ್ಲಿ ತಲೆಮಾರುಗಟ್ಟಲೆ ಬರೆದಿಡುತ್ತಾರೆ. ಕೋವಿಯ ವಂಶಾವಳಿಯನ್ನು ಯಾರೂ ಬರೆದಿಲ್ಲ. ಮನೆಮನೆಯಲ್ಲೂ ಬಾಯಿಮಾತು ಒಂದೇ: ಅದು ಟಿಪ್ಪು ಕಾಲದ್ದು.

ನಿಮ್ಮ ಮನೆಯ ಕೋವಿ ಬಂದದ್ದೂ ಈ ತವರಿನಿಂದ, ಅಮ್ಮನ ಅಜ್ಜನ ಕೈಯಿಂದ. ಸೋದರಮಾವ ಕಥೆಯನ್ನು ಬಲ್ಲರು. “ಹುತ್ರಿದುರ್ಗ ಬಿದ್ದಾಗ ಕೋಟೇಲಿ ಸಿಕ್ಕಿದ್ದು ಕಣಮ್ಮ. ನಮ್ಮೋರು ಹೊಲದಾಗೆ ಹೂತಿಟ್ಟು ಉಳಿಸಿಕೊಂಡ್ರು.”

ಬೆಳಗಿನ ತಂಪಿನಲ್ಲೇ ಇಬ್ಬರೂ ಬೆಟ್ಟ ಹತ್ತುತ್ತೀರಿ. ಕೆಂಪೇಗೌಡರ ವಂಶದವರು ಕಟ್ಟಿಸಿದ ಕೋಟೆ. ಒಂದರ ಮೇಲೊಂದು ಬಾಗಿಲು, ನಡುವೆ ನುಣುಪು ಬಂಡೆಯಲ್ಲಿ ಕೊರೆದ ಮೆಟ್ಟಿಲು. ಮೊಣಕಾಲು ಮಾತಾಡತೊಡಗುತ್ತದೆ. ಕೋಟೆ ಗೋಡೆಯ ಕಿಂಡಿಯಲ್ಲಿ ಕಣ್ಣಿಟ್ಟರೆ ಕೆಳಗಿನ ದಾರಿ ಇಡೀ ಅಂಗೈಯಲ್ಲಿದ್ದಂತೆ. ಇಲ್ಲಿ ಕೂತವನು ಕೈಯಲ್ಲಿ ಏನು ಹಿಡಿದಿದ್ದ?

1791ರ ಡಿಸೆಂಬರ್. ಕಾರ್ನ್‌ವಾಲಿಸನ ಸೈನ್ಯ 21ರಂದು ಸಾವನದುರ್ಗವನ್ನು ಹಿಡಿದಿದೆ. ಅಷ್ಟು ದೊಡ್ಡ ಬಂಡೆಯ ಕೋಟೆಯೇ ಬಿತ್ತೆಂಬ ಸುದ್ದಿ ಕಾಡು ದಾಟಿ ಇಲ್ಲಿಗೆ ಬರುವ ಹೊತ್ತಿಗೆ ಕರ್ನಲ್ ಸ್ಟುವರ್ಟನ ತುಕಡಿಯೂ ಬಂದಿದೆ. 24ರಂದು ಹುತ್ರಿದುರ್ಗ ಕೈಬಿಡುತ್ತದೆ. ಹತ್ತಿ ಬಂದ ಕಂಪನಿ ಸಿಪಾಯಿಯ ಕೈಯಲ್ಲಿದ್ದದ್ದು ಬ್ರೌನ್ ಬೆಸ್ ಎಂದು ಕರೆಯುವ ಚಕಮಕಿ ಬಂದೂಕು. ಕುದುರೆಯ ಬಾಯಲ್ಲಿ ಚಕಮಕಿ ಕಲ್ಲಿನ ಚೂರು ಕಚ್ಚಿಸಿರುತ್ತಿದ್ದರು. ಅದು ಉಕ್ಕಿಗೆ ಉಜ್ಜಿ, ಕಿಡಿ ಬಟ್ಟಲ ಮದ್ದಿಗೆ ಬಿದ್ದು, ಆ ಬೆಂಕಿ ಸಣ್ಣ ತೂತಿನಿಂದ ನಳಿಗೆಗೆ ಹೋಗಬೇಕು. ಪಳಗಿದವನಿಗೆ ನಿಮಿಷಕ್ಕೆ ಮೂರು ಈಡು. ಮಳೆ ಬಂದರೆ ಒಂದೂ ಇಲ್ಲ. ಎದುರಾಳಿಗಳೂ ಬರಿಗೈಯವರಲ್ಲ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಟಿಪ್ಪು ಇಂಥವೇ ಚಕಮಕಿ ಬಂದೂಕುಗಳನ್ನು ಮಾಡಿಸುತ್ತಿದ್ದ.

ಶಂಕರೇಶ್ವರ ಗುಡಿಯ ಕಟ್ಟೆಯ ಮೇಲೆ ನೀರು ಕುಡಿಯುತ್ತ ನೀವು ಮಾವನಿಗೆ ಫೋನಿನಲ್ಲಿ ಫೋಟೋ ತೋರಿಸುತ್ತೀರಿ. ನಮ್ಮ ಕೋವಿಯಲ್ಲಿ ಚಕಮಕಿ ಕಲ್ಲು ಕಚ್ಚುವ ಬಾಯಿಲ್ಲ, ಮದ್ದಿನ ಬಟ್ಟಲೂ ಇಲ್ಲ. ತಾಮ್ರದ ಕೇಪಿನ ಮೇಲೆ ಬಡಿಯುವ ಸುತ್ತಿಗೆಯಿದೆ. ಬ್ರಿಟಿಷ್ ಸೈನ್ಯ ಕೇಪಿಗೆ ಬದಲಾದದ್ದು 1840ರ ಆಸುಪಾಸು. ಟಿಪ್ಪು ತೀರಿಕೊಂಡದ್ದು 1799ರ ಮೇ 4ರಂದು. ತಗಡಿನ ಇಸವಿ 1859, ಅಂದರೆ ಈ ಕೋಟೆ ಬಿದ್ದ ಅರವತ್ತೆಂಟು ವರ್ಷದ ಮೇಲೆ.

ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರೆ ನಮ್ಮಜ್ಜ ಸುಳ್ಳು ಹೇಳಿದ್ನಾ?” ಎನ್ನುತ್ತಾರೆ.

ಅಜ್ಜ ಸುಳ್ಳುಗಾರನಾಗಬೇಕಿಲ್ಲ. ಈ ಬೆಟ್ಟದಲ್ಲಿ ಯುದ್ಧ ನಡೆದದ್ದು ನಿಜ, ಮನೆಯಲ್ಲಿ ಸೈನ್ಯದ ಕೋವಿ ಇದ್ದದ್ದೂ ನಿಜ. ಎರಡು ನಿಜವನ್ನು ಒಂದೇ ಹಗ್ಗದಲ್ಲಿ ಕಟ್ಟಿದ್ದಾನೆ, ಅಷ್ಟೆ. ಹಳೆಯ ಆಯುಧ ಕೂಡಿಡುವವರು ಮೊದಲು ಕಲಿಯಬೇಕಾದದ್ದು ಹೀಗೆ ಗಂಟು ಬಿಚ್ಚುವುದನ್ನು. ಸಂತೆಯಲ್ಲಿ ‘ಟಿಪ್ಪು ಕತ್ತಿ’, ‘ಟಿಪ್ಪು ಕೋವಿ’ ಎಂದು ಕೂಗಿ ಮಾರುವವರು ನಂಬಿರುವುದು ಕೊಳ್ಳುವವನ ಭಕ್ತಿಯನ್ನು. ತಗಡಿನ ಅಕ್ಷರ, ತಿರುಪಿನ ನುಣುಪು, ಮರದ ಮೇಲಿನ ಮುದ್ರೆ ಒಂದೇ ಕಾಲವನ್ನು ಹೇಳುತ್ತಿವೆಯೇ ಎಂದು ಸಾವಧಾನವಾಗಿ ನೋಡುವವರ ಮುಂದೆ ಅವರ ವ್ಯಾಪಾರ ನಡೆಯದು. ಇನ್ನು ಕೋಟೆಯ ಮಣ್ಣು ಕೆದಕಿ ಗುಂಡು ಹುಡುಕುವ ಆಸೆಯಿದ್ದರೆ ಅದನ್ನು ಅಲ್ಲೇ ಬಿಟ್ಟಿಳಿಯಬೇಕು. ಮಣ್ಣಲ್ಲಿ ಅಡಗಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆ ಹೇಳುತ್ತದೆ.

ತುಮಕೂರು, ಮೇ

ಬಿಸಿಲು ಏರುವ ಮೊದಲೇ ಫೈರಿಂಗ್ ರೇಂಜ್ ತಲುಪಿದ್ದೀರಿ. ನಾಗರಿಕರಿಗೆ ಪೊಲೀಸರು ಕೊಡುವ ಬಂದೂಕು ತರಬೇತಿಯ ಕಡೆಯ ಪಾಠ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸ್ ಕೇಳುವವರು ಸುರಕ್ಷತೆಯ ತರಬೇತಿ ಪಡೆದಿರಬೇಕು: ಹಿಡಿಯುವುದು, ಹಾರಿಸುವುದು, ಒರೆಸುವುದು, ಬೀಗ ಹಾಕಿಡುವುದು, ಸಾಗಿಸುವುದು. ನಿಮ್ಮ ಜತೆ ತೆಂಗಿನ ತೋಟದವರು, ಬ್ಯಾಂಕಿನ ಕಾವಲುಗಾರರು, ಒಬ್ಬರು ನಿವೃತ್ತ ಮೇಷ್ಟ್ರು. ಎದುರಿಗೆ ನೂರು ಗಜ ಬಯಲು. ಆಚೆ ಗುರಿಹಲಗೆ, ಅದರ ಬೆನ್ನಿಗೆ ಎತ್ತರದ ಮಣ್ಣಿನ ದಿಬ್ಬ, ಅದರ ಬೆನ್ನಿಗೆ ಬೆಟ್ಟ. ಕೆಂಪು ಬಾವುಟ ಏರಿದೆ.

ಇಂದು ನಿಮ್ಮ ಮುಂದಿಟ್ಟಿರುವುದು ತ್ರೀನಾಟ್‌ತ್ರೀ. ಗಾರ್ಡಿನವರ ಹೆಗಲ ಮೇಲೆ, ಖಜಾನೆಯ ಬಾಗಿಲಲ್ಲಿ, ಸರ್ಕಾರಿ ಗೌರವದ ಅಂತ್ಯಕ್ರಿಯೆಯ ಕುಶಾಲತೋಪಿನಲ್ಲಿ ಇದನ್ನು ನೋಡಿದ್ದೀರಿ. ಇಷ್ಟು ಹತ್ತಿರದಿಂದ ಇಂದೇ ಮೊದಲು. ಸುಮಾರು ನಾಲ್ಕು ಕಿಲೋ ಉಕ್ಕು ಮತ್ತು ಮರ. 1907ರಲ್ಲಿ ಬ್ರಿಟಿಷ್ ಸೈನ್ಯ ಒಪ್ಪಿಕೊಂಡ ಮಾದರಿ ಇದು. ಬಂಗಾಳದ ಈಶಾಪುರದ ಕಾರ್ಖಾನೆ ಸ್ವಾತಂತ್ರ್ಯದ ನಂತರವೂ ಅದನ್ನೇ ಮಾಡುತ್ತ ಬಂತು. ಕೊರಳಪಟ್ಟಿಯ ಮೇಲೆ ಕಣ್ಣಾಡಿಸಿ. ಕಿರೀಟ, ಕೆಳಗೆ ಜಿ.ಆರ್.ಐ. ಎಂಬ ಅಕ್ಷರವಿದ್ದರೆ ಅದು ಜಾರ್ಜ್ ದೊರೆಯ ಕಾಲದ್ದು. ಅಶೋಕನ ಸಿಂಹ, ಆರ್.ಎಫ್.ಐ. ಎಂದಿದ್ದರೆ ಗಣರಾಜ್ಯದ್ದು. ನಿಮ್ಮದರಲ್ಲಿ ಕಿರೀಟವಿದೆ.

“ಮೊದಲು ಏನ್ಮಾಡ್ಬೇಕು?” ಬೋಧಕರ ಪ್ರಶ್ನೆ.

“ಖಾಲಿ ಇದ್ಯಾ ನೋಡ್ಬೇಕು.”

“ಹೆಂಗೆ?”

ಗುರಿಯತ್ತಲೇ ಬಾಯಿ ಇರಿಸಿ ಬೋಲ್ಟ್ ಎತ್ತಿ ಹಿಂದೆಳೆಯುತ್ತೀರಿ. ಮ್ಯಾಗಜೀನಿನಲ್ಲಿ ಕಣ್ಣು, ಚೇಂಬರಿನಲ್ಲಿ ಕಿರುಬೆರಳು. ಅಪ್ಪನ ಗಜ ಮಾಡಿದ ಕೆಲಸವನ್ನು ಇಲ್ಲಿ ಬೆರಳು ಮಾಡುತ್ತದೆ. ಆಮೇಲೆ ಬೋಲ್ಟನ್ನೇ ಹೊರತೆಗೆದು, ಹಿಂದಿನಿಂದ ನಳಿಗೆಯೊಳಗೆ ನೋಡಲು ಹೇಳುತ್ತಾರೆ. ಬೆಳಗಿನ ಬೆಳಕು ಐದು ಸುರುಳಿಗೆರೆಗಳ ಮೇಲೆ ಜಾರುತ್ತ ಎಡಕ್ಕೆ ತಿರುಗಿಕೊಂಡು ಹೋಗುತ್ತದೆ. ಎಲ್ಲಾದರೂ ಕಪ್ಪು ಉಂಗುರ ಕಂಡರೆ ಆ ನಳಿಗೆ ಎಂದೋ ಉಬ್ಬಿದೆ ಎಂದರ್ಥ. ಎಣ್ಣೆಬಟ್ಟೆಯ ಚೂರು ಒಳಗೆ ಮರೆತಿದ್ದರೆ ಮೊದಲ ಗುಂಡಿಗೇ ನಳಿಗೆ ಸೀಳಬಹುದು.

ಬೋಲ್ಟಿನ ಮೇಲೊಂದು ನಂಬರು, ಬಂದೂಕಿನ ಮೈಮೇಲೆ ಇನ್ನೊಂದು. ಎರಡೂ ಒಂದೇ ಇರಬೇಕು. ತೋಟಾದ ಬುಡಕ್ಕೂ ಬೋಲ್ಟಿನ ಮುಖಕ್ಕೂ ಎಷ್ಟು ಸಂದು ಇರಬೇಕೆಂಬುದನ್ನು ಕಾರ್ಖಾನೆಯಲ್ಲಿ ಆ ಜೋಡಿಗೇ ಹೊಂದಿಸಿರುತ್ತಾರೆ. ಒಂದರ ಬೋಲ್ಟನ್ನು ಇನ್ನೊಂದಕ್ಕೆ ಹಾಕಿದರೆ ಸಂದು ಹೆಚ್ಚಿ, ಹಿತ್ತಾಳೆ ಕೊಳವೆ ಹರಿದು, ಬಿಸಿ ಅನಿಲ ಹಾರಿಸುವವನ ಮುಖಕ್ಕೇ ಬರಬಹುದು. ಹಳೆಯ ಬಂದೂಕುಗಳನ್ನು ಕೊಳ್ಳುವವರು ಜಗತ್ತಿನೆಲ್ಲೆಡೆ ಮೊದಲು ಈ ನಂಬರುಗಳನ್ನು ತಾಳೆ ಹಾಕುತ್ತಾರೆ.

ಟಾರ್ಪಾಲಿನ ಮೇಲೆ ಬೋರಲು ಮಲಗುತ್ತೀರಿ. ಮೈ ಸ್ವಲ್ಪ ಓರೆ, ಕಾಲು ಅಗಲ, ಎಡ ಮೊಣಕೈ ಬಂದೂಕಿನ ಅಡಿಗೆ. ಕಿವಿಗೆ ಹತ್ತಿ ಸಾಲದು ಎಂದು ಮೇಷ್ಟ್ರು ಎಲ್ಲರಿಗೂ ರಬ್ಬರಿನ ಬಿರಡೆ ತಂದಿದ್ದಾರೆ. ಕಾಲೇಜಿನ ಎನ್‌ಸಿಸಿ ಕ್ಯಾಂಪು ನೆನಪಾಗುತ್ತದೆ. ಅಂದು ಇಪ್ಪತ್ತೈದು ಗಜದಲ್ಲಿ ಹೊಡೆದ ಪಾಯಿಂಟ್ ಟೂಟೂ ಬಂದೂಕು ಕೂಡ ಇದೇ ಮೈಯದ್ದು, ನಳಿಗೆ ಮಾತ್ರ ಕಿರಿದು. ಹಳೆಯ ಬಂದೂಕುಗಳನ್ನು ಹಾಗೆ ಮಾರ್ಪಡಿಸಿ, 1948ರಲ್ಲಿ ಎನ್‌ಸಿಸಿ ಹುಟ್ಟಿದ ಮೇಲೆ ಹುಡುಗ ಹುಡುಗಿಯರ ಕೈಗೆ ಕೊಟ್ಟರು. ಪುರಾತನ ಸೈನಿಕ ಬಂದೂಕನ್ನು ಈ ದೇಶದಲ್ಲಿ ಅತಿ ಹೆಚ್ಚು ಮಂದಿ, ಅತಿ ಶಿಸ್ತಿನಿಂದ ಹಾರಿಸಿದ ಜಾಗ ಅದೇ ಇರಬೇಕು.

“ಲೋಡ್.”

ಹಿತ್ತಾಳೆ ತೋಟಾದ ಬುಡದಲ್ಲಿ ಅಂಚು ಇದೆ. ಮೇಲಿನ ತೋಟಾದ ಅಂಚು ಕೆಳಗಿನದರ ಮುಂದೆಯೇ ಕೂರಬೇಕು, ಹಿಂದೆ ಬಿದ್ದರೆ 1907ರಲ್ಲೂ ಸಿಕ್ಕಿಕೊಳ್ಳುತ್ತಿತ್ತು, ಇಂದೂ ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ಮುಂದೆ ತಳ್ಳುವಾಗ ಕೊನೆಯ ಒಂದಿಂಚು ಬಿಗಿಯುತ್ತದೆ. ಸ್ಪ್ರಿಂಗು ಅಲ್ಲೇ ಸಜ್ಜಾಗುವುದು. ಬೆರಳು ಟ್ರಿಗರಿನಿಂದ ಹೊರಗೆ, ಮರದ ಮೇಲೆ.

“ಫೈರ್.”

ಹಿಂಗಣ್ಣಿನ ಕಚ್ಚಿನಲ್ಲಿ ಮುಂಗಣ್ಣಿನ ಮೊನೆ. ಉಸಿರು ಅರ್ಧ ಬಿಟ್ಟು ನಿಲ್ಲಿಸುತ್ತೀರಿ. ಟ್ರಿಗರಿನ ಮೊದಲ ಎಳೆತ ಸಡಿಲ, ಎರಡನೆಯದು ಗಟ್ಟಿ. ಸದ್ದು ಬಂದದ್ದು ಕಿವಿಗಲ್ಲ, ಎದೆಗೆ. ಹಿತ್ತಾಳೆಯ ಹಿಮ್ಮಡಿ ಭುಜವನ್ನು ಒದೆಯುತ್ತದೆ, ದಿಬ್ಬದಿಂದ ಕೆಂಪು ಧೂಳು ಚಿಮ್ಮುತ್ತದೆ. ಸೆಕೆಂಡಿಗೆ ಏಳುನೂರು ಮೀಟರಿಗೂ ಹೆಚ್ಚು ವೇಗದಲ್ಲಿ ಹೊರಟ ಗುಂಡು ಅಲ್ಲಿ ಹೂತಿದೆ. ಆ ದಿಬ್ಬ ಇಲ್ಲದಿದ್ದರೆ ಅದು ಮೈಲಿಗಳಾಚೆ ಯಾವ ಹಳ್ಳಿಯ ಮಾಡನ್ನು ಹುಡುಕುತ್ತಿತ್ತೋ. ಗುರಿಗಿಂತ ಗುರಿಯ ಹಿಂದಿನದು ಮುಖ್ಯ ಎಂದು ಬೋಧಕರು ಬೆಳಗಿನಿಂದ ಹೇಳುತ್ತಿದ್ದುದರ ಅರ್ಥ ಈಗ ಭುಜಕ್ಕೆ ತಿಳಿದಿದೆ.

ಪಕ್ಕದ ಸಾಲಿನಲ್ಲಿ ಮೇಷ್ಟ್ರ ಬಂದೂಕು ‘ಟಿಕ್’ ಎಂದು ಸುಮ್ಮನಾಗುತ್ತದೆ. ಅವರ ಕೈ ಬೋಲ್ಟಿಗೆ ಹೋಗುವಷ್ಟರಲ್ಲಿ, “ಅಲುಗಾಡ್ಬೇಡಿ ಸಾರ್! ಬಾಯಿ ಮುಂದಕ್ಕೇ ಇರ್ಲಿ!” ಎಂಬ ಕೂಗು. ಎಲ್ಲರೂ ಹಾಗೆಯೇ ಕಾಯುತ್ತಾರೆ. ಹಳೆಯ ತೋಟಾ ತಡವಾಗಿ ಹೊತ್ತಿಕೊಳ್ಳುವುದುಂಟು. ಆ ಹೊತ್ತಿನಲ್ಲಿ ಬೋಲ್ಟ್ ತೆರೆದಿದ್ದರೆ ಗತಿ ಏನು? ಅರ್ಧ ನಿಮಿಷ ದಾಟಿದ ಮೇಲೆ ಬೋಧಕರೇ ಬಂದು ತೋಟಾ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. 2019ರ ಆಗಸ್ಟ್‌ನಲ್ಲಿ ಬಿಹಾರದ ಸುಪೌಲ್‌ನಲ್ಲಿ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರ ಅವರ ಅಂತ್ಯಕ್ರಿಯೆಗೆ ಸಾಲಾಗಿ ನಿಂತ 22 ಬಂದೂಕುಗಳಲ್ಲಿ ಒಂದೂ ಹಾರಲಿಲ್ಲ. ದೇಶ ನಕ್ಕಿತು. ಹಾರದಿರುವುದು ಬರೀ ನಗೆಪಾಟಲು. ತಡವಾಗಿ ಹಾರುವುದು ಅನಾಹುತ.

ಟೀ ಕುಡಿಯುವಾಗ ತೋಟದವರೊಬ್ಬರ ಆಸೆ: ಇಂಥದ್ದೊಂದು ಮನೆಗೆ ಬೇಕು. ಆಗದು. .303 ತೋಟಾ ನುಂಗುವ ಬಂದೂಕು ನಿಷೇಧಿತ ಬೋರಿನದು, ಸಾಮಾನ್ಯ ಲೈಸೆನ್ಸಿಗೆ ಸಿಗದು. ಅದಕ್ಕೆಂದೇ ಈಶಾಪುರದವರು ಇದೇ ಮೈಗೆ .315 ನಳಿಗೆ ಕೂರಿಸಿ ಶಿಕಾರಿ ಬಂದೂಕೆಂದು ಮಾರಿದರು. ಅಂತರ ಇಂಚಿನ ಸಾವಿರ ಪಾಲಿನಲ್ಲಿ ಹನ್ನೆರಡು. ಕಾನೂನಿಗೆ ಅಷ್ಟು ಸಾಕು. ಇನ್ನು ಕೂಡಿಡುವ ಹವ್ಯಾಸಕ್ಕೆ 2019ರ ತಿದ್ದುಪಡಿ ಬೇಲಿ ಹಾಕಿದೆ. ಮೊದಲು ಮೂರು ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ, ಪಿತ್ರಾರ್ಜಿತವೂ ಸೇರಿ. ಕೊಡಗಿನವರ ಮಾತು ಬೇರೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇಂದಿಗೂ ನಡೆದಿದೆ, 2029ರವರೆಗೆ ಮುಂದುವರಿದಿದೆ. ಅಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತಾರೆ. “ಕಾಯಿಗೆ ಗುಂಡಾ? ಕೊಬ್ಬರಿ ರೇಟು ಗೊತ್ತಿಲ್ವೇನೋ ಅವ್ರಿಗೆ,” ಎನ್ನುತ್ತಾರೆ ತೆಂಗಿನವರು. ಕಲ್ಪತರು ನಾಡಿನ ನ್ಯಾಯ.

ಹೊರಡುವ ಮೊದಲು ಬಂದೂಕು ತೊಳೆಯಬೇಕು. ಹಿಮ್ಮಡಿಯ ಹಿತ್ತಾಳೆ ಮುಚ್ಚಳ ತೆರೆದರೆ ಒಳಗೆ ಎಣ್ಣೆಸೀಸೆ, ಪುಲ್‌ಥ್ರೂ ಹಗ್ಗ. ಹಳೇ ತೋಟಾಗಳ ಕಿಡಿಮದ್ದಿನಿಂದ ನಳಿಗೆಯೊಳಗೆ ಉಪ್ಪು ಕೂರುತ್ತದೆ. ಎಣ್ಣೆಗೆ ಉಪ್ಪು ಕರಗದು. ಮೊದಲು ಕುದಿನೀರು, ಆಮೇಲೆ ಒಣ ಚಿಂದಿ, ಕಡೆಗೆ ಎಣ್ಣೆ. ಈ ಕ್ರಮ ತಪ್ಪಿಸಿ ಬರೀ ಎಣ್ಣೆ ಸವರಿದವನ ನಳಿಗೆ ಮಳೆಗಾಲದಲ್ಲಿ ಕೆಂಪಗೆ ಅರಳಿರುತ್ತದೆ.

ಗುಬ್ಬಿ, ಜೂನ್

ಚುನಾವಣೆ ಮುಗಿದು ಕೋವಿ ಮನೆಗೆ ಬಂದಿದೆ. ನಡುವೆ ಪರವಾನಗಿಯಿರುವ ರಿಪೇರಿಯವರ ಮೇಜಿನ ಮೇಲೂ ಮಲಗಿ ಬಂದಿದೆ. ಅವರು ಕೇಪಿನ ಮೊಲೆಯನ್ನು ಬಿಚ್ಚಿ ತಿರುಪು ನೋಡಿದ್ದಾರೆ, ಬುಡದ ಬೆಸುಗೆ ನೋಡಿದ್ದಾರೆ, ಅರ್ಧ ಕುದುರೆ ಜಾರುವುದಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದಾರೆ. “ಕಪ್ಪುಮದ್ದು ಮಾತ್ರ. ತೋಟಾ ಬಿಚ್ಚಿದ ಮದ್ದು ಒಂದು ಚಿಟಿಕೆಯೂ ಬೇಡ,” ಎಂದು ಬರೆದೇ ಕೊಟ್ಟಿದ್ದಾರೆ. ಇಂದಿನ ಹೊಗೆಯಿಲ್ಲದ ಮದ್ದಿನ ಒತ್ತಡ 1859ರ ಕಬ್ಬಿಣಕ್ಕೆ ತಡೆಯದು.

ವರ್ಷಗಳ ನಂತರದ ಮೊದಲ ಈಡು ಯಾರ ಭುಜದ ಮೇಲೂ ಹಾರಬಾರದು. ಅಪ್ಪ ತೋಟದ ಕೊನೆಯಲ್ಲಿ ಹಳೇ ಟ್ರ್ಯಾಕ್ಟರ್ ಟೈರು ನಿಲ್ಲಿಸಿ, ಕೋವಿಯನ್ನು ಅದಕ್ಕೆ ಕಟ್ಟಿದ್ದಾರೆ. ಬಾಯಿ ಕೆರೆ ಏರಿಯ ಮಣ್ಣಿಗೆ. ಮದ್ದು ಅಳೆದು ಹಾಕಿ, ತೆಂಗಿನ ನಾರಿನ ಗಿಡಿ ತುಂಬಿದ್ದಾರೆ. ಗುಂಡಿಲ್ಲ. ಟ್ರಿಗರಿಗೆ ಕಟ್ಟಿದ ಹುರಿ ಪಂಪ್‌ಹೌಸಿನ ಗೋಡೆಯ ಹಿಂದಕ್ಕೆ ಬಂದಿದೆ. ಹುರಿಯ ತುದಿ ಅಪ್ಪನ ಕೈಯಲ್ಲಿ. ಲೈಸೆನ್ಸ್ ಅವರದು, ಎಳೆಯುವ ಹಕ್ಕೂ ಅವರದೇ.

ಕೇಪು ಮೊದಲು ಸಿಡಿಯುತ್ತದೆ, ಕೋವಿ ಒಂದು ಗಳಿಗೆ ತಡೆದು ಗುಡುಗುತ್ತದೆ. ತ್ರೀನಾಟ್‌ತ್ರೀಯ ಚಾಟಿಯೇಟಲ್ಲ ಇದು, ದಪ್ಪ, ಉದ್ದನೆಯ ಸದ್ದು. ಬಿಳಿಹೊಗೆ ಅಡಿಕೆ ಮರಗಳ ನಡುವೆ ತುಂಬಿಕೊಂಡು, ಗಂಧಕದ ಕೊಳೆತ ವಾಸನೆ ಮೂಗಿಗಡರುತ್ತದೆ. ಕೋತಿಗಳು ಪಕ್ಕದ ತೋಟಕ್ಕೆ ಹಾರಿವೆ, ಪಕ್ಕದ ತೋಟದವರ ಬೈಗಳ ಈಚೆ ಹಾರಿ ಬರುತ್ತದೆ.

ಅಪ್ಪ ಒಮ್ಮೆಲೇ ಓಡಿಹೋಗುವುದಿಲ್ಲ. ಹೊಗೆ ಕರಗುವವರೆಗೂ ಕಾಯುತ್ತಾರೆ. ಹೋಗಿ ನಳಿಗೆಯುದ್ದಕ್ಕೂ ಅಂಗೈ ಸವರಿ ಉಬ್ಬು ಹುಡುಕುತ್ತಾರೆ, ಬುಡದಲ್ಲಿ ಮಸಿಯ ಸೋರಿಕೆ ಇದೆಯೇ ನೋಡುತ್ತಾರೆ. ಇಲ್ಲ. ಬಚ್ಚಲ ಹಂಡೆಯ ಬಿಸಿನೀರು ಸಿದ್ಧವಿದೆ. ತೊಳೆಯುವ ಕೆಲಸ ಮಾತ್ರ ನಿಮಗೆ. ಮೂರನೇ ಚೆಂಬಿಗೆ ಮಸಿ ನೀರು ತಿಳಿಯಾಗುತ್ತದೆ.

ಊಟದ ಹೊತ್ತಿಗೆ ಬೆಂಗಳೂರಿನಿಂದ ತಮ್ಮನ ಫೋನು. ಕೋವಿ ತನಗೇ ಬರಲಿ ಎಂಬುದು ಅವನ ಆಸೆ. ಅಪಾರ್ಟ್‌ಮೆಂಟಿನ ಗೋಡೆಗೆ ಹಾಕುತ್ತಾನಂತೆ, ಮೇಲೊಂದು ದೀಪ ಇಟ್ಟು. “ಗೋಡೆಗೆ ಹಾಕೋದಾದ್ರೆ ಅದು ಹಾರಬಾರ್ದು,” ಎನ್ನುತ್ತಾರೆ ಅಪ್ಪ. “ಹಾರೋದಾದ್ರೆ ಗೋಡೆಗೆ ಹಾಕಬಾರ್ದು.” ಶೋಕಿಗೆ ನೇತುಹಾಕಿದ ಜೀವಂತ ಕೋವಿಗಿಂತ ಅಪಾಯದ ಅಲಂಕಾರ ಇನ್ನೊಂದಿಲ್ಲ. ಬಂದ ನೆಂಟರ ಮಗ ಕೈ ಹಾಕದೆ ಇರುತ್ತಾನೆಯೇ? ಕಲಿಯುವವರು ಮನೆಯಲ್ಲಿಲ್ಲದಿದ್ದರೆ ಸರ್ಕಾರಕ್ಕೆ ಒಪ್ಪಿಸುವುದೇ ಸರಿ. ಇಟ್ಟುಕೊಳ್ಳುವುದಾದರೆ ಕಲಿತ ಕೈಗೇ ಹೋಗಬೇಕು. ನಡುವಿನ ದಾರಿ ಇಲ್ಲ.

ತುಮಕೂರು, ಜುಲೈ

ಜಿಲ್ಲಾಧಿಕಾರಿ ಕಚೇರಿಯ ಕಿಟಕಿಯ ಮುಂದೆ ಅಪ್ಪ ಕನ್ನಡಕ ಸರಿಪಡಿಸಿಕೊಳ್ಳುತ್ತಾರೆ. ಲೈಸೆನ್ಸುದಾರರಿಗೆ ಎಪ್ಪತ್ತು ತುಂಬಿದರೆ, ಇಲ್ಲವೇ ಕೋವಿ ಕೈಯಲ್ಲಿ ಇಪ್ಪತ್ತೈದು ವರ್ಷ ಕಳೆದರೆ, ಬದುಕಿರುವಾಗಲೇ ತಮ್ಮ ವಾರಸುದಾರರಲ್ಲಿ ಒಬ್ಬರನ್ನು ಹೆಸರಿಸಬಹುದೆಂದು 2016ರ ನಿಯಮ ಹೇಳುತ್ತದೆ. ಅಪ್ಪನಿಗೆ ಎರಡೂ ತುಂಬಿವೆ.

“ಮಗನ ಹೆಸರು ಹೇಳಿ,” ಎನ್ನುತ್ತಾರೆ ಗುಮಾಸ್ತರು ಪೆನ್ನು ಹಿಡಿದು.

“ಮಗಳ ಹೆಸರು ಬರ್ಕೊಳ್ಳಿ.”

ಗುಮಾಸ್ತರು ತಲೆಯೆತ್ತಿ ನಿಮ್ಮನ್ನು ನೋಡುತ್ತಾರೆ. ಆಕ್ಷೇಪಣೆಯಿಲ್ಲ, ಸಂಶಯ ಬೇರೆ. “ಬೆಳೆ ರಕ್ಷಣೆ ಲೈಸೆನ್ಸು ಇದು. ಬೆಳೆ ಎಲ್ಲಿದೆಯೋ ಕೋವಿ ಅಲ್ಲಿರಬೇಕು. ಮದುವೆಯಾಗಿ ಬೇರೆ ಊರಲ್ಲಿದ್ರೆ?” ಕೇಳಬೇಕಾದ ಪ್ರಶ್ನೆಯೇ. ಬೆಳೆ ರಕ್ಷಣೆಗೆ ಆಯುಧ ಕಾಯ್ದೆಯ 13ನೇ ಕಲಮು ಮೊದಲು ಹೆಸರಿಸುವುದೇ ಬಾಯಿಂದ ತುಂಬುವ ಕೋವಿಯನ್ನು. ಬೆಳೆಯಿಲ್ಲದವರ ಕೈಯಲ್ಲಿ ಆ ಕೋವಿಗೆ ಕಾರಣವೇ ಇರುವುದಿಲ್ಲ.

ಅಪ್ಪ ಚೀಲದಿಂದ ಕಾಗದ ತೆಗೆಯುತ್ತಾರೆ. “ತೋಟದ ಪಹಣೀಲಿ ಇವಳ ಹೆಸರೂ ಸೇರ್ಸಿದೀನಿ. ನೀರು ಬಿಡ್ಸೋದು, ಅಡಿಕೆ ಸುಲ್ಸೋದು ಎಲ್ಲಾ ಇವಳೇ. ಗುಬ್ಬೀಲೇ ಇರ್ತಾಳೆ.” ಮಗಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿದ್ದು ಭೂಮಿಯನ್ನು ಎಣಿಸಿಕೊಂಡು. ಭೂಮಿಯ ಬೆನ್ನಿಗೆ ಅದರ ಕಾವಲಿನ ಕೋವಿಯೂ ಬಂದಿದೆ.

ಗುಮಾಸ್ತರು ತರಬೇತಿಯ ಪ್ರಮಾಣಪತ್ರ ನೋಡಿ, ಸಹಿ ತಾಳೆ ಹಾಕಿ, ಪಹಣಿಯ ಮೇಲೆ ಬೆರಳಿಡುತ್ತಾರೆ. “ಇದು ಹಳೇದು. ಈ ತಿಂಗಳ ಪ್ರತಿ ಬೇಕು. ಕೋವಿ ಇಡೋ ಬೀರುವಿನ ಫೋಟೋ ಇದ್ರೆ ಅದನ್ನೂ ಲಗತ್ತಿಸಿ. ಠಾಣೆಯಿಂದ ವಿಚಾರಣೆಗೆ ಬಂದವರಿಗೆ ತೋರ್ಸೋಕೆ ಆಗುತ್ತೆ.”

ಬೀರುವನ್ನು ಇನ್ನೂ ಕೊಂಡಿಲ್ಲ. ಅಪ್ಪನ ಮರದ ಪೆಟ್ಟಿಗೆಯ ಬೀಗ ನೂಲಿನಂತೆ ಸವೆದಿದೆ, ಅದು ಸಾಲದು. ಪಹಣಿಗೆ ಅಪ್ಪನನ್ನು ನಾಡಕಚೇರಿಯ ಕಡೆ ಕಳಿಸಿ, ಕಬ್ಬಿಣದ ಬೀರು ನೋಡಲು ನೀವು ಪೇಟೆಯ ಕಡೆ ಹೊರಡುತ್ತೀರಿ: ಐದಡಿ ಎತ್ತರದ್ದು, ಗೋಡೆಗೆ ಬೋಲ್ಟ್ ಹಾಕುವಂಥದ್ದು, ಮದ್ದಿಗೂ ಕೇಪಿಗೂ ಬೇರೆಬೇರೆ ಖಾನೆ, ಬೇರೆಬೇರೆ ಕೀಲಿ.